ಕೊಪ್ಪಳದ ಗವಿಮಠದ ಕೆರೆಗೆ ಬೈಕಲ್ಲಿ ಒಬ್ಬರೇ ಹೋಗುವವರಿಗೆ

ಗವಿಮಠಕ್ಕೆ ಜನ ಹೋಗುವುದೇ ಜಾತ್ರೆಗೆ. ಆದರೆ ಅಲ್ಲಿನ ಕೆರೆ ನೋಡಬೇಕು ಅಂದ್ರೆ ಜಾತ್ರೆ ಇಲ್ಲದ ದಿನ ಹೋಗಿ. ವಾರದ ನಡುವೆ, ಬೆಳಗ್ಗೆ, ಸಾಧ್ಯವಾದರೆ ಒಬ್ಬರೇ.

ನಾನು ಹೋಗಿದ್ದು ಗಂಗಾವತಿಯಿಂದ. ಸುಮಾರು 45 ಕಿ.ಮೀ. ದಾರಿ. ಕತ್ತಲು ಹರಿಯುವ ಹೊತ್ತಿಗೇ ಹೊರಟುಬಿಡಿ, ಬೇಸಿಗೆಯಲ್ಲಂತೂ ಒಂಬತ್ತರ ಮೇಲೆ ಈ ಕಡೆ ಬಿಸಿಲು ನಿಲ್ಲಗೊಡುವುದಿಲ್ಲ. ಗಂಗಾವತಿ ಸುತ್ತಮುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಭತ್ತದ ಗದ್ದೆಗಳು, ತಂಪು ಗಾಳಿ. ಗಿಣಿಗೇರಾ ಹತ್ತಿರ ಬಂದರೆ ಕಾರ್ಖಾನೆಗಳು, ಲಾರಿಗಳು, ಧೂಳು. ಹೆಲ್ಮೆಟ್ ಗ್ಲಾಸ್ ಇಳಿಸಿಕೊಳ್ಳಿ, ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಿ, ಓವರ್‌ಟೇಕ್ ಮಾಡಲು ಅವಸರ ಬೇಡ.

ಮಠ ಕೊಪ್ಪಳ ಊರೊಳಗೇ ಇದೆ, ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಬೈಕ್ ನಿಲ್ಲಿಸಿ ಮೊದಲು ಕೆರೆ ದಂಡೆಗೆ ಹೋಗಿ ಸುಮ್ನೆ ಕೂತೆ. ಆಗ ಅಜ್ಜ ನೆನಪಾದ.

ಚಿಕ್ಕವನಿದ್ದಾಗ ಅಜ್ಜ ನನ್ನನ್ನು ಈ ಮಠದ ಗವಿಸಿದ್ದಪ್ಪಜ್ಜನ ಜಾತ್ರೆಗೆ ಕರೆತರುತ್ತಿದ್ದ. ಈ ಕೆರೆಯಲ್ಲಿ ತೆಪ್ಪೋತ್ಸವ. ತೆಪ್ಪ ದೀಪ ಹೊತ್ತು ನೀರಿನ ಮೇಲೆ ಹೋಗುತ್ತಿತ್ತು. ನನಗೆ ಮಂದಿ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. "ಹೆಗಲ ಮ್ಯಾಗ ಏರು, ತಲಿ ಗಟ್ಟಿ ಹಿಡ್ಕೊ" ಅನ್ನುತ್ತಿದ್ದ. ಅವನ ರುಮಾಲಿಗೆ ಬೆವರು, ತಂಬಾಕಿನ ವಾಸನೆ. ತೇರಿಗೆ ಎಸೆಯಲು ಉತ್ತತ್ತಿ ಕೊಡಿಸುತ್ತಿದ್ದ. ನಾನು ಅರ್ಧ ಎಸೆದು ಅರ್ಧ ಜೇಬಿಗೆ ಹಾಕಿಕೊಂಡು ಊರಿಗೆ ಹೋಗುವತನಕ ಚೀಪುತ್ತಿದ್ದೆ. ಅಜ್ಜ ತೀರಿಕೊಂಡ ಮೇಲೂ ಜಾತ್ರೆಗೆ ಬಂದಿದ್ದೇನೆ. ಆ ಗದ್ದಲದಲ್ಲಿ ಇದೆಲ್ಲ ನೆನಪಾಗಲು ಪುರುಸೊತ್ತೇ ಸಿಕ್ಕಿರಲಿಲ್ಲ. ಜೊತೆಗೆ ಗೆಳೆಯರಿದ್ದರೆ ಫೋಟೊ, ಹರಟೆ ಅಂತ ಹೊತ್ತು ಹೋಗುತ್ತದೆ. ಒಬ್ಬರೇ ಹೋಗಿ ಅನ್ನುವುದು ಇದಕ್ಕೇ.

ಕೆರೆ ನೋಡಿ ಹಾಗೇ ತಿರುಗಬೇಡಿ. ಮಠದ ಗುಡ್ಡದಲ್ಲೇ ಅಶೋಕನ ಶಾಸನ ಇದೆ. ಬಂಡೆ ಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಲ್ಲಿ ಅಕ್ಷರದ ಗೀರುಗಳು ಚೆನ್ನಾಗಿ ಕಾಣುತ್ತವೆ, ನಡುಹಗಲಲ್ಲಿ ಕಷ್ಟ. ಕೈಯಿಂದ ಮುಟ್ಟಬೇಡಿ, ನೀರು ಹಾಕಬೇಡಿ. ಎರಡು ಸಾವಿರ ವರ್ಷಕ್ಕಿಂತ ಹಳೆಯದು, ನಮ್ಮ ನಂತರದವರಿಗೂ ಉಳಿಯಬೇಕಲ್ವಾ? ಇನ್ನೊಂದು ಅಶೋಕ ಶಾಸನ ಹತ್ತಿರದ ಪಾಲ್ಕಿಗುಂಡು ಬೆಟ್ಟದಲ್ಲಿದೆ. ಎರಡು ಬಂಡೆ ಮೇಲೆ ಒಂದು ದೊಡ್ಡ ಬಂಡೆ ಪಲ್ಲಕ್ಕಿ ಹಾಗೆ ಕೂತಿದೆ. ಅಲ್ಲಿಗೆ ಹತ್ತುವುದು ಸುಲಭವಲ್ಲ. ಹಿಡಿತ ಇರುವ ಶೂ ಬೇಕು, ಒಬ್ಬರೇ ಇದ್ದರೆ ಮನೆಗೆ ಹೇಳಿ ಹತ್ತಿ.

ಹಸಿವಾದರೆ ಊರಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಿಗುತ್ತದೆ. ಆದರೆ ನನ್ನ ಮಾತು ಕೇಳಿ, ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡು ಮಠದ ದಾಸೋಹದಲ್ಲಿ ಪ್ರಸಾದ ತಗೊಳ್ಳಿ. ಯಾವ ಊರು, ಯಾವ ಜಾತಿ ಅಂತ ಯಾರೂ ಕೇಳುವುದಿಲ್ಲ. ತಿನ್ನುವಷ್ಟೇ ಹಾಕಿಸಿಕೊಳ್ಳಿ.

ಜಾತ್ರೆಯನ್ನೂ ನೋಡಬೇಕು ಅನ್ನುವವರು ಪುಷ್ಯ ಮಾಸದಲ್ಲಿ, ಅಂದರೆ ಹೆಚ್ಚಾಗಿ ಜನವರಿಯಲ್ಲಿ ಬನ್ನಿ. ಆಗ ಬೈಕನ್ನು ದೂರದಲ್ಲೇ ಬಿಟ್ಟು ನಡೆಯಬೇಕಾಗುತ್ತದೆ. ಇಡೀ ದಿನ ಕೈಯಲ್ಲಿದ್ದರೆ ಕೊಪ್ಪಳದ ಕೋಟೆ ಇದೆ. 1786ರಲ್ಲಿ ಟಿಪ್ಪು ಸುಲ್ತಾನ್ ಫ್ರೆಂಚ್ ಇಂಜಿನಿಯರ್‌ಗಳ ನೆರವಿನಿಂದ ಅದನ್ನು ಬಲಪಡಿಸಿದ. ಆದರೆ ಕೋಟೆ, ಇದೇ ಜಿಲ್ಲೆಯ ಇಟಗಿ ಊರು ಎರಡರಲ್ಲಿ ಒಂದಕ್ಕೇ ಹೊತ್ತಿದ್ದರೆ ನಾನು ಇಟಗಿಯ ಮಹಾದೇವ ದೇವಸ್ಥಾನಕ್ಕೇ ಹೋಗು ಅನ್ನುತ್ತೇನೆ. 1112ರಲ್ಲಿ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಕೊಪ್ಪಳ ಬಿಡುವ ಮುಂಚೆ ಟ್ಯಾಂಕ್ ತುಂಬಿಸಿಕೊಳ್ಳಿ, ಎರಡು ಬಾಟಲಿ ನೀರು ಇಟ್ಟುಕೊಳ್ಳಿ.