ಕಮಿಟ್ ಫಿಲ್ಟರಿನ ಕೈಯಲ್ಲಿರಲಿ

ಕಲಬುರಗಿ ಗಂಜಿನ ಒಂದು ಅಡತ್ ಅಂಗಡಿಯ ಲೆಕ್ಕದ ವೆಬ್ ಅಪ್ಲಿಕೇಶನ್ ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಬರೆದವರು ಬೇರೆ ಯಾರೋ. ಜಾವಾ, ಟಾಮ್‌ಕ್ಯಾಟ್ ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್. ಫ್ರೇಮ್‌ವರ್ಕ್ ಗೀಮ್‌ವರ್ಕ್ ಏನಿಲ್ಲ, ಬರೀ ಸರ್ವ್ಲೆಟ್, ಅಂದರೆ ಬ್ರೌಸರಿನ ರಿಕ್ವೆಸ್ಟಿಗೆ ಉತ್ತರ ಕೊಡುವ ಜಾವಾ ಕೋಡ್.

ರೈತರ ತೊಗರಿ ತೂಕವಾಗಿ ಪಟ್ಟಿ ಮಾಡುವಾಗ ಮೂರು ಕಡೆ ಬರೆಯಬೇಕು. ಸ್ಟಾಕಿಗೆ ಚೀಲ, ರೈತರ ಖಾತೆಗೆ ಹಮಾಲಿ ಕಳೆದು ಉಳಿದ ಮೊತ್ತ, ಕಿರ್ದಿಗೆ ಕೊಟ್ಟ ರೊಕ್ಕ. ಹಳೆ ಕೋಡಿನಲ್ಲಿ ಮೂರೂ ಡೇಟಾಬೇಸಿಗೆ ತಮ್ಮ ತಮ್ಮ ಕನೆಕ್ಷನ್ ತೆಗೆದು ಬರೆಯುತ್ತಿದ್ದವು. ಜಾವಾ ಡೇಟಾಬೇಸಿನ ಜೊತೆ ಮಾತಾಡುವ ಜೆಡಿಬಿಸಿಯಲ್ಲಿ ಆಟೋ ಕಮಿಟ್ (ಬರೆದ ತಕ್ಷಣ ಕಾಯಂ ಮಾಡುವುದು) ಮೊದಲಿಂದಲೇ ಆನ್ ಇರುತ್ತದೆ, ಅಂದರೆ ಒಂದೊಂದು ಇನ್ಸರ್ಟೂ ಒಂದೊಂದು ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಕಟ್ಟು). ಮೂರನೆಯದು ಬಿದ್ದರೆ ಮೊದಲೆರಡು ಹಾಗೇ ಉಳಿದವು. ತೊಗರಿ ಸುಗ್ಗಿಯಲ್ಲಿ ಗುಮಾಸ್ತರ ಫೋನ್: 'ಸರ್, ಖಾತೆಯೊಳಗ ಜಮಾ ಆಗ್ಯದ, ಕಿರ್ದಿಯೊಳಗ ಏನೂ ಇಲ್ರೀ. ಸಾವ್ಕಾರ್ರಿಗಿ ಏನಂತ ಹೇಳ್ಲಿ?'

ಪ್ರತಿ ಸರ್ವ್ಲೆಟ್ಟಿನಲ್ಲೂ ಕಮಿಟ್, ರೋಲ್‌ಬ್ಯಾಕ್ (ಬರೆದದ್ದನ್ನು ರದ್ದು ಮಾಡುವುದು) ಬರೆಯುತ್ತಾ ಕೂರುವುದು ನನಗೆ ಬೇಡವಾಗಿತ್ತು. ಎಲ್ಲೋ ಒಂದು ಕಡೆ ಮರೆತೇ ಮರೆಯುತ್ತೇವೆ. ಅದಕ್ಕೇ ಫಿಲ್ಟರ್, ಅಂದರೆ ಸರ್ವ್ಲೆಟ್ಟಿಗೆ ಹೋಗುವ ಮೊದಲೂ ಅಲ್ಲಿಂದ ಬಂದ ಮೇಲೂ ರಿಕ್ವೆಸ್ಟ್ ಹಾದುಹೋಗುವ ಕೋಡ್. ಸರ್ವ್ಲೆಟ್ 2.3ರಿಂದ, ಅಂದರೆ 2001ರಿಂದ, ಇರುವ ಸೌಲಭ್ಯ ಇದು. ಫಿಲ್ಟರ್ ಪೂಲಿನಿಂದ (ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಕನೆಕ್ಷನ್ ತೆಗೆದು, ಆಟೋ ಕಮಿಟ್ ಆಫ್ ಮಾಡಿ, ಥ್ರೆಡ್‌ಲೋಕಲ್‌ನಲ್ಲಿ, ಅಂದರೆ ರಿಕ್ವೆಸ್ಟ್ ಓಡುವ ಆ ಒಂದು ಥ್ರೆಡ್ಡಿಗಷ್ಟೇ ಕಾಣುವ ಜಾಗದಲ್ಲಿ, ಇಡುತ್ತದೆ. ಮೂರೂ ಕಡೆಯ ಕೋಡ್ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಸರ್ವ್ಲೆಟ್ಟನ್ನು ಓಡಿಸುವ ಡೂಫಿಲ್ಟರ್ ಕರೆ ಸರಿಯಾಗಿ ಮುಗಿದು ಬಂದರೆ ಕಮಿಟ್, ಎಕ್ಸೆಪ್ಶನ್ (ಕೋಡ್ ಎಸೆಯುವ ತಪ್ಪು) ಬಂದರೆ ರೋಲ್‌ಬ್ಯಾಕ್. ಏನೇ ಆದರೂ ಓಡುವ ಫೈನಲಿ ಭಾಗದಲ್ಲಿ ಕನೆಕ್ಷನ್ ವಾಪಸ್, ಥ್ರೆಡ್‌ಲೋಕಲ್ ಖಾಲಿ. ಖಾಲಿ ಮಾಡುವುದನ್ನು ಬಿಡುವ ಹಾಗಿಲ್ಲ. ಟಾಮ್‌ಕ್ಯಾಟ್ ಅದೇ ಥ್ರೆಡ್ಡನ್ನು ಮುಂದಿನ ರಿಕ್ವೆಸ್ಟಿಗೂ ಬಳಸುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯಿತು ಅನ್ನುವವರು ಜಾಸ್ತಿ. ಆದರೆ ಈ ಹಳೆ ಸರ್ವ್ಲೆಟ್‌ಗಳು ಎಕ್ಸೆಪ್ಶನ್ನನ್ನು ತಾವೇ ಹಿಡಿದು, 'ತಪ್ಪಾಗಿದೆ' ಅಂತ ಒಂದು ಪುಟ ತೋರಿಸಿ ಸುಮ್ನಾಗುತ್ತವೆ. ಫಿಲ್ಟರಿಗೆ ಸುದ್ದಿಯೇ ಹೋಗುವುದಿಲ್ಲ. ಎಲ್ಲ ಸರಿಯಿದೆ ಅಂದುಕೊಂಡು ಅದು ಕಮಿಟ್ ಮಾಡಿಬಿಡುತ್ತದೆ, ಅರ್ಧ ಲೆಕ್ಕ ಮತ್ತೆ ಒಳಗೆ ಹೋಗಬಹುದು. ಅದಕ್ಕೆ ಒಂದು ಬಾವುಟ ಇಟ್ಟೆ: ಯಾರು ಎಕ್ಸೆಪ್ಶನ್ ಹಿಡಿಯುತ್ತಾರೋ ಅವರು 'ಇದು ರೋಲ್‌ಬ್ಯಾಕ್ ಆಗಲೇಬೇಕು' ಅಂತ ಗುರುತು ಹಾಕಬೇಕು. ಜೊತೆಗೆ ಉತ್ತರದ ಸ್ಟೇಟಸ್ 500 (ಸರ್ವರಿನಲ್ಲೇ ತಪ್ಪು) ಅಥವಾ ಮೇಲಿದ್ದರೆ ಫಿಲ್ಟರ್ ತಾನಾಗಿಯೇ ರೋಲ್‌ಬ್ಯಾಕ್ ಮಾಡುತ್ತದೆ. ಆ ಸ್ಟೇಟಸ್ ಓದುವ ಗೆಟ್‌ಸ್ಟೇಟಸ್ ಸರ್ವ್ಲೆಟ್ 3.0ರಿಂದ ಸಿಗುತ್ತದೆ.

ಇನ್ನೊಂದು ತೊಡಕು ಕಮಿಟ್ಟೇ ಫೇಲ್ ಆದಾಗಿನದು. ಟಾಮ್‌ಕ್ಯಾಟಿನ ರೆಸ್ಪಾನ್ಸ್ ಬಫರ್ ಸಾಮಾನ್ಯವಾಗಿ 8 ಕೆಬಿ. ಪುಟ ಅದಕ್ಕಿಂತ ದೊಡ್ಡದಾದರೆ ಕಮಿಟ್ ಆಗುವ ಮೊದಲೇ ಬ್ರೌಸರಿಗೆ ಹೊರಟಿರುತ್ತದೆ. 'ಪಟ್ಟಿ ಸೇವ್ ಆಯಿತು' ಅಂತ ಗುಮಾಸ್ತರು ಓದಿದ ಮೇಲೆ ಸೇವ್ ಆಗಿಲ್ಲ ಅಂದರೆ ಯಾರು ಕೇಳುತ್ತಾರೆ? ಹಾಗಾಗಿ ಪೋಸ್ಟ್ (ಫಾರ್ಮ್ ತುಂಬಿ ಕಳಿಸಿದ ರಿಕ್ವೆಸ್ಟ್) ಬಂದಾಗ ಸರ್ವ್ಲೆಟ್ ಪುಟ ಬರೆಯುವುದೇ ಇಲ್ಲ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ರಿಕ್ವೆಸ್ಟಿನಲ್ಲಿ ಇಟ್ಟು ಬರುತ್ತದೆ. ಫಿಲ್ಟರ್ ಮೊದಲು ಕಮಿಟ್ ಮಾಡಿ, ಆಮೇಲೆ ರೀಡೈರೆಕ್ಟ್ ಕಳಿಸುತ್ತದೆ.

ರೈತರಿಗೆ ಹೋಗುವ ಎಸ್‌ಎಂಎಸ್ಸನ್ನೂ ಟ್ರಾನ್ಸಾಕ್ಷನ್ನಿನಿಂದ ಹೊರಗೆ ತಂದೆ. ಗೇಟ್‌ವೇ ನಿಧಾನವಾದರೆ ಅಷ್ಟು ಹೊತ್ತೂ ಖಾತೆಯ ಸಾಲಿಗೆ ಬೀಗ ಬಿದ್ದಿರುತ್ತಿತ್ತು. ಪೋಸ್ಟ್‌ಗ್ರೆಸ್ಸಿನಲ್ಲಿ ನೋಡಿದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತ ಕನೆಕ್ಷನ್‌ಗಳು 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತ ಸಾಲುಗಟ್ಟಿರುತ್ತಿದ್ದವು. ರೋಲ್‌ಬ್ಯಾಕ್ ಆದ ಮೇಲೆ ಎಸ್‌ಎಂಎಸ್ ವಾಪಸ್ ಬರುವುದೂ ಇಲ್ಲ, ಅಲ್ವಾ? ಈಗ ಮೆಸೇಜ್ ಒಂದು ಟೇಬಲ್ಲಿಗೆ ಬೀಳುತ್ತದೆ, ಕಮಿಟ್ ಆದದ್ದು ಮಾತ್ರ ಹೊರಗೆ ಹೋಗುತ್ತದೆ.

ಫಿಲ್ಟರನ್ನು ಎಲ್ಲ ಯುಆರ್‌ಎಲ್‌ಗೂ ಹಾಕಬೇಡಿ. ಲೋಗೋ, ಸಿಎಸ್ಎಸ್‌ಗೆಲ್ಲ ಕನೆಕ್ಷನ್ ಯಾಕೆ? ಕನೆಕ್ಷನ್ ಪೂಲ್ ನೋಡಿಕೊಳ್ಳುವ ಹಿಕಾರಿ ಲೈಬ್ರರಿ ಬೇರೆ ಹೇಳದಿದ್ದರೆ 10 ಕನೆಕ್ಷನ್ನಷ್ಟೇ ಇಡುತ್ತದೆ, ಟಾಮ್‌ಕ್ಯಾಟ್ ಥ್ರೆಡ್ 200. ಉಳಿದವು ಕಾಯುತ್ತಾ ಕೂರಬೇಕು.

ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜಾಂಗೋದವರಿಗೆ ಈ ಗೋಜಿಲ್ಲ. 2013ರ 1.6ರಿಂದ ಅಟಾಮಿಕ್ ರಿಕ್ವೆಸ್ಟ್ಸ್ ಅನ್ನುವ ಒಂದು ಸೆಟ್ಟಿಂಗ್ ಸಾಕು. ಆದರೂ ಅದು ವ್ಯೂವನ್ನಷ್ಟೇ (ಅಲ್ಲಿ ಉತ್ತರ ಕೊಡುವ ಕೋಡ್) ಸುತ್ತುತ್ತದೆ, ನಮ್ಮ ಫಿಲ್ಟರಿನಂಥ ಮಿಡಲ್‌ವೇರ್ ಅದರ ಹೊರಗೇ ಉಳಿಯುತ್ತದೆ.

ರಾತ್ರಿ ಬಡ್ಡಿ ಲೆಕ್ಕ ಹಾಕುವ ಸ್ಕ್ರಿಪ್ಟ್ ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಓಡುತ್ತದೆ, ವೆಬ್ ರಿಕ್ವೆಸ್ಟಿನಿಂದಲ್ಲ, ಅದಕ್ಕೆ ಫಿಲ್ಟರಿನ ಆಸರೆ ಸಿಗದು. ಅಲ್ಲಿ ಬಿಗಿನ್, ಕಮಿಟ್ ಎರಡನ್ನೂ ಕೈಯಿಂದಲೇ ಬರೆದಿದ್ದೇನೆ, ಒಂದೊಂದು ಖಾತೆಗೆ ಒಂದೊಂದರಂತೆ.