ಕ್ಯೂಬ್ ಲಾಗ್: 1982 ದಾಟಿದೀನಿ, 2003ಕ್ಕೆ ಇನ್ನು 0.45 ಸೆಕೆಂಡ್

ಮಳೆಗಾಲ ಶುರುವಾದಾಗ ಬರ್ದಿದ್ದೆ, ಈ ವರ್ಷ ಮುಗಿಯೋದ್ರೊಳಗೆ ರೂಬಿಕ್ಸ್ ಕ್ಯೂಬ್ ಬಿಡಿಸೋ ಆವರೇಜ್ ಟೈಮ್ 20 ಸೆಕೆಂಡ್‌ಗಿಂತ ಕಮ್ಮಿ ಮಾಡ್ತೀನಿ ಅಂತ. ಈಗ ಅಡಿಕೆ ಸುಲಿಯೋ ಟೈಮ್. ವಾರವೆಲ್ಲಾ ಶಿವಮೊಗ್ಗದಲ್ಲಿ ಕೆಲಸ, ಶನಿವಾರ ಬಂತು ಅಂದ್ರೆ ತೀರ್ಥಹಳ್ಳಿ ಕಡೆ ಊರಿಗೆ ಬರ್ತೀನಿ, ಕ್ಯೂಬ್ ಬ್ಯಾಗಲ್ಲೇ ಇರತ್ತೆ.

ಹೊಸಬರಿಗೆ ಒಂದ್ ವಿಷ್ಯ ಹೇಳ್ಬೇಕು, ನಾನು ನನ್ನ ಟೈಮನ್ನ ವರ್ಷದಲ್ಲಿ ಅಳೀತೀನಿ, ಅಂದ್ರೆ ಯಾವ ವರ್ಷದವ್ರ ಟೈಮ್ ದಾಟಿದೀನಿ ಅಂತ. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ವರ್ಲ್ಡ್ ಚಾಂಪಿಯನ್‌ಶಿಪ್ ಆದಾಗ ಮಿನ್ ಥಾಯ್ ಗೆದ್ದಿದ್ದು 22.95 ಸೆಕೆಂಡಿಗೆ. ಆಮೇಲೆ 2003ರವರೆಗೆ ವರ್ಲ್ಡ್ ಚಾಂಪಿಯನ್‌ಶಿಪ್ಪೇ ಇಲ್ಲ, ಆ ವರ್ಷ ಟೊರೊಂಟೋದಲ್ಲಿ ಯೆಸ್ ಬೋಂಡೆ ಒಂದು ಸಾಲ್ವ್ (ಕ್ಯೂಬ್ ಒಂದ್ ಸಲ ಪೂರ್ತಿ ಬಿಡಿಸೋದು) 16.53ಕ್ಕೆ ಮುಗಿಸಿದ. 2007ರಲ್ಲಿ ಥಿಬೋ ಜಾಕಿನೋ 9.86, ಹತ್ತರ ಒಳಗೆ ಬಂದ ಮೊದಲ ಅಫಿಷಿಯಲ್ ಸಾಲ್ವ್ ಅದೇ. 2008ರಲ್ಲಿ ಎರಿಕ್ ಅಕ್ಕರ್ಸ್‌ಡೈಕ್ 7.08, 2011ರಲ್ಲಿ ಫೆಲಿಕ್ಸ್ ಜೆಮ್‌ಡೆಗ್ಸ್ 5.66, 2015ರಲ್ಲಿ ಲ್ಯೂಕಸ್ ಎಟ್ಟರ್ 4.90. ಈ ಮೆಟ್ಟಿಲು ನೋಡಿದ್ರೆ ನಂಗೆ ಮೈ ಜುಂ ಅನ್ನತ್ತೆ. ಒಬ್ಬೊಬ್ರು ಒಂದೊಂದ್ ಚೂರು ಕೆತ್ತಿ ಕೆತ್ತಿ ಇಳಿಸಿದಾರೆ. ನಾನು 1982 ದಾಟಿದ್ದು ಆಷಾಢದಲ್ಲಿ, 22.61, ಹೊರಗೆ ಹಂಚಿನ ಮೇಲೆ ಮಳೆ ಹೊಡೀತಿತ್ತು, ಕರೆಂಟ್ ಇರ್ಲಿಲ್ಲ, ಚಾರ್ಜರ್ ಲೈಟಲ್ಲಿ ಕೆಂಪು ಯಾವ್ದು ಕಿತ್ಲೆ ಬಣ್ಣ ಯಾವ್ದು ಅಂತ ಗೊತ್ತಾಗ್ದೆ ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಬಂತು.

ಅಲ್ಲಿಂದ ಸೆಪ್ಟೆಂಬರ್ ತನಕ ಏನೂ ಆಗ್ಲಿಲ್ಲ. 21, 22, 21, 23. ಬೆರಳು ಸ್ಪೀಡ್ ಸಾಲ್ತಿಲ್ಲ ಅನ್ಕೊಂಡು ಬರೀ ಅಲ್ಗಾರಿದಮ್ (ಬಾಯಿಪಾಠ ಮಾಡ್ಕೊಂಡ ಮೂವ್‌ಗಳ ಸಾಲು) ಹೊಡೀತಾ ಕೂತೆ, ಪಿಎಲ್ಎಲ್, ಅಂದ್ರೆ ಕೊನೇ ಪದರದ ತುಂಡುಗಳನ್ನ ಅವುಗಳ ಜಾಗಕ್ಕೆ ಕೂರಿಸೋ ಹಂತ, ಅದರ 21 ಅಲ್ಗಾರಿದಮ್ಮನ್ನೂ ಕಲ್ತೆ, ಮ್ಯಾಗ್ನೆಟ್ ಇರೋ ಹೊಸ ಕ್ಯೂಬ್ ತಗೊಂಡೆ, ಸಿಲಿಕಾನ್ ಲ್ಯೂಬ್ ಹಾಕ್ದೆ. ಸ್ವಲ್ಪ ಇಳೀತು, ಅಷ್ಟೇ.

ಆಮೇಲೆ ಒಂದಿನ ಕೂತು ಲೆಕ್ಕ ಹಾಕ್ದೆ. ಆ ಪಿಎಲ್ಎಲ್‌ಗಳಲ್ಲಿ ಒಂದಾದ ಟಿ-ಪರ್ಮ್‌ನಲ್ಲಿ 14 ಮೂವ್, ನಾನದನ್ನ 1.6 ಸೆಕೆಂಡಿಗೆ ಮುಗಿಸ್ತೀನಿ, ಅಂದ್ರೆ ಸೆಕೆಂಡಿಗೆ 8.75 ಮೂವ್. ಸಿಎಫ್‌ಒಪಿ ಅನ್ನೋ ವಿಧಾನದಲ್ಲಿ ನನ್ನ ಒಂದು ಸಾಲ್ವ್‌ಗೆ ಸುಮಾರು 60 ಮೂವ್ ಆಗತ್ತೆ. ಅದೇ ಸ್ಪೀಡಲ್ಲಿ ಎಲ್ಲೂ ನಿಲ್ದೆ ತಿರುಗಿಸಿದ್ರೆ 7 ಸೆಕೆಂಡೂ ಬೇಡ! ಅಂದ್ರೆ ನನ್ನ ಬೆರಳು ಆಗ್ಲೇ 2008ಕ್ಕೆ ಹೋಗಿ ಕೂತಿದೆ, ಕಣ್ಣು ಇನ್ನೂ 1982ರ ಹತ್ರಾನೇ ಇದೆ. ಫೋನಲ್ಲಿ ವಿಡಿಯೋ ಮಾಡಿ ನಿಧಾನಕ್ಕೆ ಓಡಿಸಿ ನೋಡ್ದೆ, 21 ಸೆಕೆಂಡಿನ ಸಾಲ್ವ್‌ನಲ್ಲಿ 8 ಸೆಕೆಂಡ್ ಕೈ ಸುಮ್ನೆ ನಿಂತಿತ್ತು. ಹೆಚ್ಚಿನದೆಲ್ಲಾ ಎಫ್2ಎಲ್‌ನಲ್ಲಿ, ಅಂದ್ರೆ ಮೊದಲ ಎರಡು ಪದರ ತುಂಬೋ ಹಂತದಲ್ಲಿ, ಒಂದು ಜೋಡಿ (ಒಂದು ಕಾರ್ನರ್ ತುಂಡು, ಒಂದು ಅಂಚಿನ ತುಂಡು) ಕೂರಿಸಿ ಆಮೇಲೆ ಮುಂದಿನ ಜೋಡಿ ಎಲ್ಲಿದೆ ಅಂತ ಹುಡುಕ್ತಾ ಇದ್ದೆ.

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮನೆ ಚಪ್ಪರದಲ್ಲಿ. ನಮ್ ಚಿಕ್ಕಮ್ಮ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯೋದು ನೋಡ್ಬೇಕು ನೀವು, ಬಾಯಲ್ಲಿ ಊರಿನ ಕಥೆಯೆಲ್ಲಾ ನಡೀತಿರತ್ತೆ, ಕೈಲಿ ಕಾಯಿ ಸಿಪ್ಪೆ ಬಿಡ್ತಿರತ್ತೆ, ಆದ್ರೆ ಕಣ್ಣು ಆ ಕಾಯಿ ಮೇಲಿರಲ್ಲ, ರಾಶಿಯಲ್ಲಿ ಮುಂದಿನ ಕಾಯಿ ಯಾವ್ದು ಅಂತ ಆಗ್ಲೇ ನೋಡಿ ಆಗಿರತ್ತೆ. ಚಿಕ್ಕಮ್ಮನ ಕೈ ಬಿರುಸಾಗಿ ಓಡಲ್ಲ, ಪಕ್ಕದಲ್ಲಿ ಕೂತ ಹುಡುಗ್ರ ಕೈಯೇ ಜೋರು. ಆದ್ರೆ ಬುಟ್ಟಿ ಮೊದ್ಲು ತುಂಬೋದು ಚಿಕ್ಕಮ್ಮಂದೇ, ಯಾಕಂದ್ರೆ ಅವ್ರ ಕೈ ನಿಲ್ಲೋದೇ ಇಲ್ಲ. ಕೇಳಿದ್ದಕ್ಕೆ, "ಕೈಲಿರೋ ಕಾಯಿ ನೋಡ್ಕಂಡು ಎಂತ ಮಾಡ್ತೀಯ ಮಾರಾಯ, ಅದು ಕೈಗೆ ಗೊತ್ತಿರತ್ತೆ" ಅಂದ್ರು.

ಕ್ಯೂಬಲ್ಲಿ ಇದಕ್ಕೆ ಲುಕ್‌ಅಹೆಡ್ ಅಂತಾರೆ. ಹೆಸರು ನಂಗೆ ಮೊದ್ಲಿಂದ ಗೊತ್ತಿತ್ತು, ಅರ್ಥ ಆಗಿದ್ದು ಆವತ್ತು.

ಅಕ್ಟೋಬರಿಂದ ಟೈಮರ್ ಬಿಟ್ಟೆ. ತೀರ್ಥಹಳ್ಳಿ ಬಸ್ಸಲ್ಲಿ ಗಾಜನೂರು ದಾಟಿ ಸಕ್ರೆಬೈಲು, ಮಂಡಗದ್ದೆ ಬರೋ ತನಕ ಬರೀ ನಿಧಾನದ ಸಾಲ್ವ್, ಒಂದಕ್ಕೆ 40 ಸೆಕೆಂಡ್ ಆದ್ರೂ ಪರ್ವಾಗಿಲ್ಲ ಕೈ ಮಾತ್ರ ನಿಲ್ಲಬಾರ್ದು ಅನ್ನೋ ರೂಲ್. ಮೊದಲ ವಾರ ತಲೆನೋವೇ ಬಂತು. ಮೂರನೇ ವಾರಕ್ಕೆ ಒಂದು ಜೋಡಿ ಒಳಗೆ ಹೋಗ್ತಿರೋವಾಗ್ಲೇ ಮುಂದಿನ ಕಾರ್ನರ್ ತಾನಾಗೇ ಕಣ್ಣಿಗೆ ಬೀಳೋಕ್ ಶುರು ಆಯ್ತು, ಆ ಖುಷಿ ಹೇಳೋಕಾಗಲ್ಲ.

ಸಿಂಗಲ್ (ಒಂದೇ ಸಾಲ್ವ್‌ನ) ರೆಕಾರ್ಡ್‌ಗಿಂತ ಆವರೇಜ್ ರೆಕಾರ್ಡೇ ನಂಗೆ ದೊಡ್ಡದು ಅನ್ಸೋದೂ ಇದಕ್ಕೇ. ಸಿಂಗಲ್‌ನಲ್ಲಿ ಅದೃಷ್ಟಕ್ಕೂ ಜಾಗ ಇದೆ, 72 ಸಾಲ್ವ್‌ಗೆ ಸರಾಸರಿ ಒಂದ್ ಸಲ ಪಿಎಲ್ಎಲ್ ಸ್ಕಿಪ್ ಆಗತ್ತೆ, ಅಂದ್ರೆ ಆ ಹಂತ ಮಾಡೋದೇ ಬೇಕಾಗಲ್ಲ. ಹಾಗಂತ ಸಿಂಗಲ್ ಸಣ್ಣದು ಅಂತಲ್ಲ, 2018ರಲ್ಲಿ ಡು ಯುಶೆಂಗ್ ಮಾಡಿದ 3.47ನ್ನ ನಾಲ್ಕೂವರೆ ವರ್ಷ ಯಾರ ಕೈಲೂ ಮುಟ್ಟೋಕಾಗ್ಲಿಲ್ಲ, 2023ರ ಜೂನ್‌ನಲ್ಲಿ ಮ್ಯಾಕ್ಸ್ ಪಾರ್ಕ್ 3.13 ಮಾಡೋ ತನಕ. 2025ರ ಏಪ್ರಿಲ್‌ನಲ್ಲಿ ಗೆಂಗ್ ಶುವಾನ್‌ಯಿ 3.05 ಮಾಡ್ದಾಗ ಅವನಿಗೆ 7 ವರ್ಷ. ಆದ್ರೆ ಆವರೇಜ್ ಅಂದ್ರೆ ಐದು ಸಾಲ್ವ್, ಅದ್ರಲ್ಲಿ ಎಲ್ಲಕ್ಕಿಂತ ಒಳ್ಳೇದನ್ನೂ ಕೆಟ್ಟದ್ದನ್ನೂ ತೆಗೆದು ಉಳಿದ ಮೂರರ ಸರಾಸರಿ, ಅಲ್ಲಿ ಅದೃಷ್ಟದ ಆಟ ನಡೆಯಲ್ಲ. 2023ರ ಜೂನ್‌ನಲ್ಲೇ 9 ವರ್ಷದ ವಾಂಗ್ ಯಿಹೆಂಗ್ 4.35, 3.90, 4.41, 4.68, 5.31 ಮಾಡ್ದ, ಆವರೇಜ್ 4.48. ಅವನ ಆ 3.90 ಲೆಕ್ಕಕ್ಕೇ ಬರ್ಲಿಲ್ಲ ನೋಡಿ! ಆ ಹುಡುಗನ ವಿಡಿಯೋ ಹಾಕಿ ಬೆರಳು ಬಿಟ್ಟು ಬರೀ ನಿಲ್ಲೋ ಜಾಗ ಹುಡುಕಿದೆ, ನಂಗೊಂದೂ ಸಿಗ್ಲಿಲ್ಲ.

ಡಿಸೆಂಬರ್ ಬಂದ್ಮೇಲೆ ಬೆಳಿಗ್ಗೆ ಇಬ್ಬನಿ ಚಳಿಗೆ ಬೆರಳು ಮರಗಟ್ಟತ್ತೆ, ಅದಕ್ಕೆ ಬೆಳಗ್ಗಿನ ಸೆಷನ್ ಬಿಟ್ಟು ರಾತ್ರಿ ಅಡಿಕೆ ಬೇಯಿಸೋ ಒಲೆ ಹತ್ರ ಕೂರ್ತೀನಿ. ಹೋದ್ ವಾರ ಅಲ್ಲೇ 16.98 ಬಂತು, ಸ್ಕಿಪ್ ಏನಿಲ್ಲ, ಪೂರ್ತಿ ಸಾಲ್ವ್. ಅದ್ರ ಮರುದಿನ 16.4ಕ್ಕೆ ಟೈಮರ್ ನಿಂತಿತ್ತು ಆದ್ರೆ ಮೇಲಿನ ಪದರ 45 ಡಿಗ್ರಿಗಿಂತ ಜಾಸ್ತಿ ತಿರುಗಿ ಉಳಿದಿತ್ತು, ರೂಲ್ ಪ್ರಕಾರ ಪ್ಲಸ್ ಟೂ, 18.4 ಅಂತಲೇ ಬರ್ಕೊಂಡೆ. ಮನೇಲಿ ನೋಡೋರು ಯಾರೂ ಇಲ್ಲ ನಿಜ, ಆದ್ರೆ 2003 ದಾಟಿದೆ ಅಂತ ಬರೀಬೇಕಾದ್ರೆ ಅದು ನಿಜವಾಗ್ಲೂ ದಾಟಿರ್ಬೇಕು.

ನಿನ್ನೆ ರಾತ್ರಿ ಐದು: 18.92, 17.40, 21.06, 18.15, 19.33. ಆವರೇಜ್ 18.80. 2003ರ ಚಾಂಪಿಯನ್ ಡ್ಯಾನ್ ನೈಟ್ಸ್ ಫೈನಲ್ ಗೆದ್ದಿದ್ದು 20.00 ಆವರೇಜಿಗೆ. ಅಂದ್ರೆ ಆವರೇಜ್‌ನಲ್ಲಿ ನಾನು 2003 ದಾಟಾಯ್ತು, ಸಿಂಗಲ್‌ಗೆ ಆ 0.45 ಬಾಕಿ. 21.06 ಯಾಕಾಯ್ತು ಅಂತ ವಿಡಿಯೋ ನೋಡ್ದೆ, ಮೂರನೇ ಜೋಡಿ ಆದ್ಮೇಲೆ ಮತ್ತೆ ಕೈ ನಿಂತಿದೆ, ನಾಲ್ಕನೇದು ಹಿಂದಿನ ಮೂಲೇಲಿ ಅಡಗಿತ್ತು. ಮುಂದಿನ ಎರಡು ವಾರ ಆ ಹಿಂದಿನ ಮೂಲೆ ಮೇಲೇ ಕೆಲ್ಸ.