ಯಾವ ಕಾಲಮ್ಮಿಗೆ ಟಿಕ್ ಹಾಕಲಿ?

ಬೆಳಗಿನ ಆರೂವರೆ. ಲದ್ದಿ ಬಿದ್ದ ಸದ್ದು ಕೇಳಿದ್ದೇ ಕೈಗವಸು ಏರಿಸಿಕೊಂಡು ಓಡಿದೆ. ಶಿಬಿರದ ಆನೆ, ಕಾಡಾನೆಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೋಲಿಸುತ್ತಿದ್ದ ಗೆಳತಿಗೆ ಒಂದು ದಿನ ಕೈಜೋಡಿಸಲು ಹೋಗಿದ್ದೆ. ನನ್ನ ಪಾಲಿಗೆ ಬಂದದ್ದು ಲದ್ದಿ ಒಡೆಯುವ ಕೆಲಸ. ನೆಲಕ್ಕೆ ತಾಗಿದ ಭಾಗ ಬೇಡ, ಅದರಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಸೇರಿರುತ್ತವೆ. ಉಂಡೆಯ ನಡುವಿನಿಂದ ಒಂದು ಚಿಟಿಕೆ ತೆಗೆದು ಆಲ್ಕೋಹಾಲ್ ಇರುವ ಟ್ಯೂಬಿಗೆ ಹಾಕಿ ಚೀಟಿ ಅಂಟಿಸಬೇಕು.

ಒಡೆದಾಗ ಹಬೆ ಎದ್ದಿತು. ನಾನು ಹೆದರಿದ್ದಷ್ಟು ವಾಸನೆಯಿರಲಿಲ್ಲ. ಮಳೆಗೆ ನೆನೆದ ಹುಲ್ಲಿನದೇ ಘಮಲು. ಒಳಗೆ ಬೆರಳುದ್ದದ ನಾರು ಇದ್ದ ಹಾಗೇ ಇತ್ತು. ಆನೆ ತಿಂದದ್ದರಲ್ಲಿ ಅರ್ಧದಷ್ಟೂ ಜೀರ್ಣವಾಗುವುದಿಲ್ಲವಂತೆ. ಹಸುವಿನ ಹಾಗೆ ಮೆಲುಕು ಹಾಕುವ ಪ್ರಾಣಿಯಲ್ಲ ಅದು. ನಾರನ್ನು ಹುಳಿಸುವ ಕೆಲಸವೆಲ್ಲ ಹೊಟ್ಟೆ ದಾಟಿದ ಮೇಲೆ, ದೊಡ್ಡಕರುಳಿನ ಕಡೆ ನಡೆಯುತ್ತದೆ. ಅಲ್ಲಿ ಹೆಚ್ಚಾಗಿ ದುಡಿಯುವವು ಬ್ಯಾಕ್ಟೀರಿಯಾಗಳೇ. ಅವು ಬಿಟ್ಟುಕೊಡುವ ಕೊಬ್ಬಿನಾಮ್ಲಗಳು ಆನೆಗೆ ಶಕ್ತಿ. ಮರಿ ಈ ಬಳಗವನ್ನು ಪಡೆಯುವ ಒಂದು ದಾರಿ ದೊಡ್ಡ ಆನೆಗಳ ಲದ್ದಿ ತಿನ್ನುವುದು. ಕೇಳಿ ಮುಖ ಸಿಂಡರಿಸಿದೆ. ಕೈಗವಸಿನ ತುಂಬ ಅದನ್ನೇ ಮೆತ್ತಿಕೊಂಡವನು ಸಿಂಡರಿಸಿ ಏನು ಬಂತು!

ಹಾಳೆಯಲ್ಲಿ ಎರಡೇ ಕಾಲಮ್: ಶಿಬಿರ, ಕಾಡು. ಮೊದಲ ಆನೆಗೆ 'ಶಿಬಿರ' ಎಂದು ಟಿಕ್ ಹಾಕಿದೆ. ಮಾವುತ ಬಗ್ಗಿ ಇನ್ನೊಂದು ಉಂಡೆಯನ್ನು ಕಡ್ಡಿಯಿಂದ ಬಿಡಿಸಿದ.

"ಇದ್ರಲ್ಲಿ ನಾವು ಕೊಟ್ಟಿದ್ದು ಎಲ್ಲಿದೆ ಸಾರ್? ಬರೀ ಬಿದಿರು, ತೊಗಟೆ. ರಾತ್ರಿಯೆಲ್ಲ ಕಾಡಲ್ಲೇ ಮೇಯ್ತದೆ ಇದು."

"ಹಂಗಾದ್ರೆ ಅದು?" ಕಟ್ಟಿಹಾಕಿದ್ದ ಆನೆಯ ಕಡೆ ಕೈ ತೋರಿಸಿದೆ.

"ಅದರ ಕಾಲಿಗೆ ಗಾಯ. ಹತ್ತು ದಿನದಿಂದ ಕಟ್ಟಿದ ಜಾಗದಲ್ಲೇ ಕಡಿದು ತಂದ ಹುಲ್ಲು. ಡಾಕ್ಟ್ರು ಇಂಜೆಕ್ಷನ್ ಬೇರೆ ಕೊಡ್ತಾವ್ರೆ."

ಆಂಟಿಬಯಾಟಿಕ್. ಗಾಯದ ಸೋಂಕಿಗೆಂದು ಕೊಟ್ಟದ್ದು ಕರುಳಿನ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ. ಎರಡು ಆನೆಗಳ ಚೀಟಿಯಲ್ಲೂ ಒಂದೇ ಪದ, ಬದುಕು ಮಾತ್ರ ಬೇರೆ ಬೇರೆ. ಬಂಧನದಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗುತ್ತದೆ ಎಂದಷ್ಟೇ ತಿಳಿದು ಹೋಗಿದ್ದ ನನಗೆ, ಎಲ್ಲ ಅಧ್ಯಯನಗಳೂ ಒಂದೇ ಉತ್ತರ ಕೊಡುವುದಿಲ್ಲ ಎಂದು ಗೆಳತಿ ಹೇಳಿದ್ದು ಆಗ ಅರ್ಥವಾಯಿತು. ಹಗ್ಗವೊಂದೇ ಅಲ್ಲ, ಏನು ತಿಂದಿತು, ಯಾವ ನೀರು ಕುಡಿಯಿತು, ಯಾವ ಔಷಧಿ ಬಿತ್ತು, ಯಾರ ಜೊತೆ ಓಡಾಡಿತು, ಎಲ್ಲವೂ ಕರುಳಿಗೆ ಇಳಿಯುತ್ತದೆ.

ಗೆಳತಿ ಪೆನ್ನು ತೆಗೆದು ಹಾಳೆಯಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆಯತೊಡಗಿದಳು. ಮಾವುತ ಒಂದೊಂದಾಗಿ ಹೇಳುತ್ತ ಹೋದ, ನಾನು ಬರೆದುಕೊಂಡೆ. ಆಮೇಲೆ ಮೂವರೂ ಮೂರನೇ ಆನೆಯ ಹಿಂದೆ ಕಾದು ಕೂತೆವು. ಒಂಬತ್ತಾದರೂ ಅದು ಮನಸ್ಸು ಮಾಡಲಿಲ್ಲ.